ಚೆಲುವೂ ಸತ್ಯವೂ

ಹಣವಿತ್ತವನ ಇಚ್ಛೆಯಂತೆ ಚಿತ್ರ ಬರೆಯುವವನು ಸತ್ಯಕ್ಕೂ ಋಣಿಯಾಗಿ ಉಳಿಯಬಲ್ಲನೆ? ಅಮೆರಿಕೆಯ ಜಾರ್ಜ್ ಇನ್ನೆಸ್ಸನ ‘ಲ್ಯಾಕವಾನಾ ಕಣಿವೆ’ ಈ ಪ್ರಶ್ನೆಯ ವಿಚಾರಕ್ಕೆ ತಕ್ಕ ಉದಾಹರಣೆ. 1855ರ ಸುಮಾರಿಗೆ ರೈಲ್ವೆ ಕಂಪೆನಿಯೊಂದು ತನ್ನ ಏಳಿಗೆಯನ್ನು ಚಿತ್ರಿಸುವುದಕ್ಕಾಗಿ ಆತನನ್ನು ನಿಯಮಿಸಿತು. ಆತನು ಮಾತಿಗೆ ತಪ್ಪಲಿಲ್ಲ: ಹೊಗೆಯುಗುಳುತ್ತ ಬರುವ ಗಾಡಿಯುಂಟು, ದೂರದಲ್ಲಿ ಇಂಜಿನುಗಳ ಮನೆಯುಂಟು, ಅದರಾಚೆ ಮಂಜು ಕವಿದ ಬೆಟ್ಟಗಳುಂಟು. ಆದರೆ ಎದುರಿನ ಬಯಲಿನಲ್ಲೆಲ್ಲ ಕಡಿದ ಮರಗಳ ಮೋಟುಗಳು. ಹುಲ್ಲಿನ ಮೇಲೊರಗಿ ಗಾಡಿಯತ್ತ ನೋಡುವ ಹುಡುಗನೊಬ್ಬನು.

ಇದು ಸ್ತುತಿಯೋ ನಿಂದೆಯೋ ಎಂದು ಚಿತ್ರವು ಹೇಳುವುದಿಲ್ಲ. ಹೀಗೆ ಮೌನವಾಗಿರುವುದು ಹೇಡಿತನವೆಂದು ಕೆಲವರು ಆಕ್ಷೇಪಿಸಬಹುದು. ಅವರು ವಿನ್ಸ್ಲೋ ಹೋಮರನ ಚಿತ್ರವೊಂದನ್ನು ನೋಡಬೇಕು. ಅಂತರ್ಯುದ್ಧವು ಮುಗಿದ 1865ರಲ್ಲಿಯೇ ಬರೆದ ಆ ಚಿತ್ರದಲ್ಲಿ ಊರಿಗೆ ಮರಳಿದ ಸಿಪಾಯಿಯೊಬ್ಬನು ತನ್ನ ಸೇನೆಯ ಅಂಗಿಯನ್ನು ಕಳಚಿಟ್ಟು, ನಮಗೆ ಬೆನ್ನುಮಾಡಿ, ಗೋಧಿಯ ಪೈರನ್ನು ಕೊಯ್ಯುತ್ತಿದ್ದಾನೆ. ನೋಟಕ್ಕೆ ಇದು ನಿತ್ಯದ ಕೊಯ್ಲು. ಆದರೆ ಪಾಶ್ಚಾತ್ಯರು ಮೃತ್ಯುವನ್ನು ಕುಡುಗೋಲು ಹಿಡಿದವನೆಂದೇ ಕಲ್ಪಿಸುತ್ತಾರೆ. ಸಾಲುಸಾಲಾಗಿ ಉರುಳುವ ಪೈರಿನಲ್ಲಿ ಮಡಿದ ತರುಣರ ನೆನಪು ತಾನಾಗಿ ಮೂಡುತ್ತದೆ. ಇಲ್ಲಿಯೂ ಚಿತ್ರಕಾರನು ತೀರ್ಪು ಕೊಟ್ಟಿಲ್ಲ. ಆದರೂ ಯಾವುದನ್ನೂ ಮುಚ್ಚಿಟ್ಟಿಲ್ಲ.

ಆದುದರಿಂದ ಧರ್ಮದ ಎಲ್ಲೆ ಇಲ್ಲಿದೆಯೆಂದು ತೋರುತ್ತದೆ: ಚಿತ್ರದಲ್ಲಿ ಏನಿರಬೇಕೆಂಬುದನ್ನು ಹಣವು ಗೊತ್ತುಮಾಡಬಹುದು, ಕಣ್ಣಿಗೆ ಕಂಡುದನ್ನು ಅಳಿಸುವ ಅಧಿಕಾರವು ಅದಕ್ಕಿಲ್ಲ. ಮೋಟುಗಳನ್ನು ಉಳಿಸಿದಲ್ಲಿಗೆ ಚಿತ್ರಕಾರನ ಋಣ ತೀರಿತು. ಅವುಗಳನ್ನು ಎಣಿಸುವ ಹೊಣೆ ನೋಡುವವರದು.