ಯಾರೂ ನೋಡದ ಮೂಲೆಗೆ ಪಾಲಿಶ್

"ಐನೂರು ರೂಪಾಯಿ ಕ್ವಾರ್ಟ್ಜ್ ವಾಚೇ ಇದಕ್ಕಿಂತ ಸರಿಯಾಗಿ ಟೈಮ್ ತೋರಿಸುತ್ತಲ್ಲ ಗುರು, ಇದಕ್ಯಾಕೆ ಐವತ್ತು ಲಕ್ಷ?" ಲಕ್ಷುರಿ ಮೆಕ್ಯಾನಿಕಲ್ ವಾಚಿನ ಮಾತು ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ಪ್ರಶ್ನೆ ನ್ಯಾಯವಾದದ್ದೇ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಕೋಡ್ ಬರೆಯೋರಿಗೆ ಈ ಸಂಖ್ಯೆ ನೋಡಿದ್ರೆ ಖುಷಿ: ಎರಡರ 15ನೇ ಘಾತ. 15 ಸಲ ಅರ್ಧ ಮಾಡುತ್ತಾ ಬಂದ್ರೆ ಸೆಕೆಂಡಿಗೆ ಒಂದೇ ಟಿಕ್ ಉಳಿಯುತ್ತೆ. ಇತ್ತ ಒಳ್ಳೆಯ ಮೆಕ್ಯಾನಿಕಲ್ ವಾಚಿನ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 8 ಬಡಿತ ಬಡಿಯುತ್ತೆ. ಸ್ವಿಸ್ ಕ್ರೋನೋಮೀಟರ್ ಸರ್ಟಿಫಿಕೇಟ್ ಸಿಗಬೇಕಂದ್ರೂ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗೋಕೆ ಅವಕಾಶ ಉಂಟು. ಸಾಧಾರಣ ಕ್ವಾರ್ಟ್ಜ್ ತಿಂಗಳಿಗೇ 15 ಸೆಕೆಂಡಿನ ಆಸುಪಾಸು. 1969ರ ಡಿಸೆಂಬರ್ 25ಕ್ಕೆ ಸೈಕೋ ತನ್ನ ಆಸ್ಟ್ರಾನ್ ಹೊರತಂದ ದಿನವೇ ಈ ಪಂದ್ಯ ಮುಗಿಯಿತು ಅನ್ನಿ.

ಹಾಗಾದ್ರೆ ಬೆಲೆ ಲೋಹಕ್ಕಾ? ಅದೂ ಅಲ್ಲ. ಒಳಗಿರೋದು ಬಹುಪಾಲು ಹಿತ್ತಾಳೆ, ಉಕ್ಕು. ಕೆಲವರು ಹೆಮ್ಮೆಯಿಂದ ಬಳಸುವ 'ಜರ್ಮನ್ ಸಿಲ್ವರ್'ನಲ್ಲಿ ಬೆಳ್ಳಿಯೇ ಇರಲ್ಲ. ತಾಮ್ರ, ನಿಕಲ್, ಸತು, ಅಷ್ಟೇ. ಎಚ್‌ಎಂಟಿ ಜನತಾ ಡಯಲ್ ಮೇಲೆ '17 ಜ್ಯೂಯೆಲ್ಸ್' ಅಂತ ಓದಿ ಒಳಗೆ ಸಂಪತ್ತಿದೆ ಅಂದುಕೊಂಡವರು ನಮ್ಮೂರಲ್ಲೂ ಇದ್ದರು. ಅದು ಮಾಣಿಕ್ಯವೇ ಹೌದು, ಆದರೆ ಕುಲುಮೆಯಲ್ಲಿ ಬೆಳೆಸಿದ್ದು. ಚಕ್ರದ ಅಚ್ಚು ಸವೆಯದಿರಲಿ ಅಂತ ಕೂರಿಸಿದ್ದು. 2019ರಲ್ಲಿ ಜಿನೀವಾದ ಚಾರಿಟಿ ಹರಾಜಿನಲ್ಲಿ 31 ಮಿಲಿಯನ್ ಸ್ವಿಸ್ ಫ್ರಾಂಕಿಗೆ ಹೋದ ಪಟೆಕ್ ಫಿಲಿಪ್ ವಾಚಿನ ಕೇಸು ಯಾವುದರದ್ದು ಗೊತ್ತಾ? ಸ್ಟೀಲ್!

ನನ್ನ ತಲೆ ತಿನ್ನೋದು ಬೇರೆ ವಿಷಯ. ಚಕ್ರಗಳನ್ನು ಹಿಡಿದು ನಿಲ್ಲಿಸುವ ಲೋಹದ ತುಂಡುಗಳಿಗೆ ಬ್ರಿಜ್ ಅಂತಾರೆ. ಅವುಗಳ ಅಂಚನ್ನು ಓರೆಯಾಗಿ ಅರೆದು, ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುತ್ತಾರೆ. ಸಣ್ಣ ಲೋಹದ ಚೂರು ಉದುರದಂತೆ ಅಂಚನ್ನು ಸವರೋದು ಅಗತ್ಯ, ಸರಿ. ಕನ್ನಡಿ ಯಾಕೆ? ಅದರಲ್ಲೂ ಎರಡು ಓರೆಗಳು ಒಳಮುಖವಾಗಿ ಕೂಡುವ ಮೂಲೆ ಇದೆಯಲ್ಲ, ಅಲ್ಲಿ ತಿರುಗುವ ಮೆಷಿನ್ ಟೂಲ್ ಹೋದ್ರೆ ಮೂಲೆ ದುಂಡಗಾಗಿಬಿಡುತ್ತೆ. ಚೂಪಾಗಿ ಬರಬೇಕಂದ್ರೆ ಕೈಯೇ ಬೇಕು, ಸಣ್ಣ ಅರ ಬೇಕು, ತಾಳ್ಮೆ ಬೇಕು. ಸ್ವಿಟ್ಜರ್ಲೆಂಡಿನ ವಾಲೆ ದ ಜು ಕಣಿವೆಯ ಫಿಲಿಪ್ ದುಫೂರ್ ಈ ಕೆಲಸದ ದೊಡ್ಡ ಹೆಸರು. ಜೆನ್ಷಿಯನ್ ಅನ್ನೋ ಬೆಟ್ಟದ ಗಿಡದ ಒಣ ಕಾಂಡಕ್ಕೆ ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜೋದು ಆ ಕಡೆಯ ಹಳೇ ಪದ್ಧತಿ. ಇಷ್ಟೆಲ್ಲ ಮಾಡಿದರೂ ವಾಚು ಒಂದು ಸೆಕೆಂಡೂ ಸುಧಾರಿಸಲ್ಲ.

ಹಳೆಯ ಕಾಲದ ಒಳ್ಳೆಯ ವಾಚುಗಳಲ್ಲಿ ಇದನ್ನೆಲ್ಲ ಮಾಡಿ ಮೇಲೆ ಲೋಹದ ಮುಚ್ಚಳ ಹಾಕಿಬಿಡುತ್ತಿದ್ದರು. ದುಡ್ಡು ಕೊಟ್ಟವನು ಸಾಮಾನ್ಯವಾಗಿ ಅದನ್ನು ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದವನು ಒಬ್ಬನೇ, ಎಷ್ಟೋ ವರ್ಷದ ನಂತರ ರಿಪೇರಿಗೆ ಬಿಚ್ಚುವ ಇನ್ನೊಬ್ಬ ಕಸುಬುದಾರ. ಯಾರೂ ರಿವ್ಯೂ ಮಾಡದ ಫಂಕ್ಷನ್ನಿಗೆ ಅಚ್ಚುಕಟ್ಟಾದ ಹೆಸರು ಇಟ್ಟು ಕೂರುವವನನ್ನು ಮ್ಯಾನೇಜರ್ "ಓವರ್ ಎಂಜಿನಿಯರಿಂಗ್" ಅಂತ ಬೈತಾನೆ. ಮೂರು ವರ್ಷ ಬಿಟ್ಟು ರಾತ್ರಿ ಎರಡು ಗಂಟೆಗೆ ಅದೇ ಫೈಲ್ ತೆರೆದವನು ಮನಸ್ಸಲ್ಲೇ ಕೈ ಮುಗೀತಾನೆ. ಆ ಲೆಕ್ಕದಲ್ಲಿ ಕಾಣದ ಪಾಲಿಶ್ ವ್ಯರ್ಥ ಅಂತ ನನಗೆ ಅನಿಸಲ್ಲ. ಅದು ಮುಂದೆ ಬರುವವನಿಗೆ ಕೊಟ್ಟ ಮರ್ಯಾದೆ.

ಈಗ ಹಿಂಬದಿಗೆ ಸಫೈರ್ ಗಾಜು ಬಂದಿದೆ. ಒಳಗಿನದೆಲ್ಲ ಶೋಕೇಸ್. ಗಾಜಿನಿಂದ ಕಾಣುವ ಕಡೆ ಮಿರಮಿರ ಮಿಂಚಿಸಿ, ಡಯಲ್ ಕೆಳಗಿನ ಬದಿಗೆ ಅಷ್ಟಕ್ಕಷ್ಟೇ ಕೈಯಾಡಿಸಿದ ವಾಚುಗಳೂ ಇವೆ. ನೋಡುವವರಿಗಾಗಿ ಮಾಡಿದ್ದು ಮೋಸ ಅಂತಲ್ಲ, ಮದುವೆ ಮನೆಯ ಮುಂದೆ ಮಾತ್ರ ಚಪ್ಪರ ಹಾಕಲ್ವಾ ನಾವು? ಆದರೆ ಬ್ರೋಷರ್‌ನಲ್ಲಿ ಅದನ್ನೇ 'ಯಾರೂ ನೋಡದಿದ್ದರೂ ಮಾಡುವ ನಿಷ್ಠೆ' ಅಂತ ಮಾರೋದು ಮಾತ್ರ ಒಪ್ಪೋಕಾಗಲ್ಲ.

ಇನ್ನೂ ಚುಚ್ಚೋದು ಬಿಡಿಭಾಗದ ವಿಚಾರ. ಹಲವು ದೊಡ್ಡ ಬ್ರಾಂಡುಗಳು ಹೊರಗಿನ ರಿಪೇರಿಯವರಿಗೆ ಪಾರ್ಟ್ಸ್ ಕೊಡೋದೇ ಇಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು. ಮುಂದೆ ಬರುವವನಿಗೆ ಮರ್ಯಾದೆ ಅಂದೆನಲ್ಲ, ಅವನನ್ನೇ ಬಾಗಿಲಾಚೆ ನಿಲ್ಲಿಸಿದರೆ ಆ ಮರ್ಯಾದೆ ಯಾರಿಗೆ ಸಲ್ಲುತ್ತೆ? 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ವಾಚಿನ ಒಳಗೆ ಕನ್ನಡಿ ಮೂಲೆಗಳಿಲ್ಲ, ಒರಟು ಕೆಲಸ. ಆದರೆ ಬಸ್ ಸ್ಟ್ಯಾಂಡ್ ಪಕ್ಕ ಗಾಜಿನ ಪೆಟ್ಟಿಗೆ ಇಟ್ಟು ಕೂತ ರಿಪೇರಿಯವನೂ ಅದನ್ನು ಬಿಚ್ಚಬಲ್ಲ, ಇನ್ನೊಂದು ಹಳೇ ವಾಚಿನಿಂದ ಚಕ್ರ ತೆಗೆದು ಹಾಕಬಲ್ಲ. ಈ ಎರಡರಲ್ಲಿ ಯಾವುದು ಹೆಚ್ಚು ಒಳ್ಳೆಯ ಕೆಲಸ ಅಂತ ಕೇಳಿದರೆ, ದುಫೂರ್ ಕೈಕೆಲಸದ ಮುಂದೆ ಬೆರಗಾಗಿ ನಿಂತರೂ ನನ್ನ ವೋಟು ಸ್ವಲ್ಪ ಈ ಕಡೆಗೇ ವಾಲುತ್ತೆ.

ರಿಪೇರಿ ಮಾಡುವವರಲ್ಲಿ ಒಂದು ಹಳೇ ರೂಢಿ ಇದೆ. ಕೆಲಸ ಮುಗಿದ ಮೇಲೆ ಮುಚ್ಚಳದ ಒಳಬದಿಯಲ್ಲಿ ಸೂಜಿಯಂಥ ಮೊನೆಯಿಂದ ತಾರೀಖೋ ಗುರುತೋ ಗೀಚಿ ಮುಚ್ಚೋದು. ಹಳೆಯ ವಾಚೊಂದನ್ನು ಬಿಚ್ಚಿಸಿದಾಗ ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಒಂದೆರಡು ಗೀಚು ಸಿಕ್ಕರೂ ಸಿಗಬಹುದು.