ದೇಹೋಪಚಾರವೂ ಧರ್ಮವೇ?

ಬೆಳಗಿನಲ್ಲಿ ಅರ್ಘ್ಯವೆತ್ತಿ ನಮಸ್ಕರಿಸಿದ ಸೂರ್ಯನೇ ಮಧ್ಯಾಹ್ನದಲ್ಲಿ ಚರ್ಮವನ್ನು ಸುಟ್ಟಾಗ, ಆ ಉರಿಯನ್ನು ತಪಸ್ಸೆಂದು ಸಹಿಸಬೇಕೋ, ಇಲ್ಲವೇ ನಶ್ವರವಾದ ಈ ದೇಹಕ್ಕೆ ತೈಲೋಪಚಾರವನ್ನು ಮಾಡಬೇಕೋ ಎಂಬ ಪ್ರಶ್ನೆ ವೈರಾಗ್ಯಶೀಲರನ್ನು ಕಾಡದಿರದು. ದೇಹವು ಧರ್ಮಸಾಧನೆಯ ಉಪಕರಣವೆಂದು ಒಪ್ಪಿದವನಿಗೆ ಅದರ ಶುಶ್ರೂಷೆಯೂ ಕರ್ತವ್ಯವೇ ಆಗುತ್ತದೆ. ಚರಕಸಂಹಿತೆಯು ಅಭ್ಯಂಗವನ್ನು ನಿತ್ಯಚರ್ಯೆಯಲ್ಲಿ ಸೇರಿಸಿರುವುದು ಈ ದೃಷ್ಟಿಯಿಂದಲೇ ಎಂದು ನಾನು ತಿಳಿದಿದ್ದೇನೆ.

ಆದರೆ ಕರ್ತವ್ಯಕ್ಕೆ ವಿವೇಕವೂ ಬೇಕು. ಮೊದಲು ತಣ್ಣೀರಿನಿಂದ ಕಾವನ್ನಿಳಿಸಿ, ಬೊಕ್ಕೆಯೆದ್ದಿಲ್ಲವೆಂಬುದನ್ನು ಕಂಡುಕೊಂಡು, ಉರಿಯು ಶಮನವಾದ ಮೇಲೆಯೇ, 30 ಮಿಲಿಲೀಟರು ಕೊಬ್ಬರಿ ಎಣ್ಣೆಗೆ ಶ್ರೀಗಂಧ, ಲಾವಂಚಗಳ ತೈಲವನ್ನು ಒಟ್ಟು 6 ಹನಿಗಳಿಗೆ ಮೀರದಂತೆ ಬೆರೆಸಿ ಲೇಪಿಸತಕ್ಕದ್ದು. ಗಂಧದ ಹನಿಯೊಂದರಲ್ಲಿ ಮರವು ದಶಕಗಳ ಕಾಲ ತನ್ನ ಕೆಚ್ಚಿನಲ್ಲಿ ಕೂಡಿಟ್ಟ ಸಾರವಿದೆಯೆಂಬುದನ್ನು ನೆನೆದವನು ಅದನ್ನು ದುಂದುಮಾಡಲಾರ. ನಿಂಬೆಯ ಸಿಪ್ಪೆಯನ್ನು ಹಿಂಡಿ ತೆಗೆದ ತೈಲವಾದರೋ, ಹಚ್ಚಿದ ಚರ್ಮಕ್ಕೆ ಬಿಸಿಲು ತಗುಲಿದರೆ ಅದನ್ನು ಮತ್ತಷ್ಟು ಸುಡುವ ಗುಣವುಳ್ಳದ್ದು. ಪ್ರಕೃತಿಜನ್ಯವಾದುದೆಲ್ಲವೂ ನಿರಪಾಯವೆಂಬ ನಂಬಿಕೆಗೆ ಶಾಸ್ತ್ರದ ಆಧಾರವೂ ಇಲ್ಲ, ಅನುಭವದ ಆಧಾರವೂ ಇಲ್ಲ. ಬೊಕ್ಕೆಯೆದ್ದ ಚರ್ಮಕ್ಕಾಗಲಿ ಎಳೆಯ ಶಿಶುವಿಗಾಗಲಿ ಇಂತಹ ತೈಲಗಳನ್ನು ಹಚ್ಚದೆ, ವೈದ್ಯರಲ್ಲಿಗೆ ಹೋಗಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇನೆ.