ಮಾಲಿಯ ಕೂಲಿ

ಮನೆಯನ್ನು ಕಟ್ಟಿದ ಗೃಹಸ್ಥನು ಅದರ ಅಂಗಳದಲ್ಲಿ ಒಂದು ಕೈತೋಟವೂ ಇರಬೇಕೆಂದು ಬಯಸುವುದು ಸ್ವಾಭಾವಿಕವಾದುದು. ಲಿಂಗಪೂಜೆಗೆ ಒಂದಿಷ್ಟು ಹೂ ಪತ್ರೆ, ಅಡಿಗೆಗೆ ಕರಿಬೇವು, ಮಕ್ಕಳ ಕಣ್ಣಿಗೆ ಹಸುರು, ಇಷ್ಟಿದ್ದರೆ ಮನೆಗೊಂದು ಲಕ್ಷಣವುಂಟು. ಆದರೆ ಪಟ್ಟಣವಾಸಿಗಳಲ್ಲಿ ಬಹುಮಂದಿಗೆ ಮಣ್ಣಿನ ಕೆಲಸ ಬಾರದು, ಬಂದರೂ ಬಿಡುವಿಲ್ಲ. ಆದುದರಿಂದ ಊರಿನ ಮಾಲಿಯೊಬ್ಬನನ್ನು ಕರೆಸುತ್ತಾರೆ. ಅವನು ನೆಲವನ್ನು ನೋಡಿ ಒಂದು ಮೊತ್ತವನ್ನು ಹೇಳುತ್ತಾನೆ. ಯಜಮಾನನು ಅದರ ಅರ್ಧವನ್ನು ಹೇಳುತ್ತಾನೆ. ಸ್ವಲ್ಪ ಹೊತ್ತಿನ ಚೌಕಾಸಿಯ ಅನಂತರ ಎರಡರ ನಡುವೆ ಎಲ್ಲಿಯೋ ಮಾತು ನಿಲ್ಲುತ್ತದೆ. ದಿನನಿತ್ಯ ನಡೆಯುವ ಈ ವ್ಯವಹಾರದಲ್ಲಿ ಧರ್ಮವಿಚಾರಕ್ಕೆ ಆಸ್ಪದವೇನಿದೆಯೆಂದು ಕೆಲವರು ಕೇಳಬಹುದು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಶರಣರ ಮಾರ್ಗವು ತಮ್ಮದೆನ್ನುವವರಿಗಂತೂ ಇದು ಧರ್ಮವಿಚಾರವೇ ಸರಿ. ಇನ್ನೊಬ್ಬನ ಕಾಯಕಕ್ಕೆ ನಾವು ಬೆಲೆ ಕಟ್ಟುವ ಹೊತ್ತು ನಮ್ಮ ಭಕ್ತಿಯೂ ತೂಕಕ್ಕೆ ಬರುವ ಹೊತ್ತು.

ಹಿಂದೆ ಹಳ್ಳಿಗಳಲ್ಲಿ ಈ ಪ್ರಶ್ನೆಯು ಈ ರೂಪದಲ್ಲಿ ಏಳುತ್ತಿರಲಿಲ್ಲ. ಹೂಗಾರನು ಮನೆಮನೆಗೆ ಹೂವನ್ನೂ ಬಿಲ್ವಪತ್ರೆಯನ್ನೂ ತಂದುಕೊಡುತ್ತಿದ್ದನು. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಆಯವನ್ನು ಪಡೆಯುತ್ತಿದ್ದನು. ಆ ಪದ್ಧತಿಯನ್ನು ಇಂದು ಹೊಗಳಿ ಹಾಡಬೇಕಾದ ಕಾರಣವಿಲ್ಲ. ಅದು ಮನುಷ್ಯನನ್ನು ಹುಟ್ಟಿದ ಮನೆತನದ ಕಸುಬಿಗೆ ಕಟ್ಟಿಹಾಕಿತ್ತು. ಬೆಳೆ ಹೋದ ವರ್ಷ ಆಯವೂ ಹೋಗುತ್ತಿತ್ತು. ಆದರೂ ಅದರಲ್ಲಿ ಒಂದು ವಿವೇಕವಿತ್ತು. ಕೊಡುವವನಿಗೂ ಕೊಳ್ಳುವವನಿಗೂ ಸಂಬಂಧವು ವರ್ಷವಿಡೀ ಉಳಿಯುತ್ತಿತ್ತು; ಹೂಗಾರನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಇಲ್ಲವೇ ಎಂಬುದು ಊರಿಗೆ ತಿಳಿದಿರುತ್ತಿತ್ತು. ಇಂದು ಮಾಲಿಯು ಬೆಳಗ್ಗೆ ಬರುತ್ತಾನೆ, ಸಂಜೆ ಹೋಗುತ್ತಾನೆ. ಅವನ ಒಲೆಯು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾಣದ ಒಲೆಯನ್ನು ನೆನೆದು ಲೆಕ್ಕ ಹಾಕುವ ಹೊಣೆಯು ಈಗ ನಮ್ಮ ಮೇಲಿದೆ.

ಮೊದಲು ಕೆಲಸದ ಪ್ರಮಾಣವನ್ನು ವಿಚಾರಿಸೋಣ. 20 ಅಡಿ ಉದ್ದ, 10 ಅಡಿ ಅಗಲದ ಚಿಕ್ಕ ಕೈತೋಟವೊಂದನ್ನು ತೆಗೆದುಕೊಳ್ಳಿರಿ. ಅದನ್ನು ಒಂದು ಅಡಿ ಆಳಕ್ಕೆ ಅಗೆದು ಮಗುಚಬೇಕಾದರೆ 200 ಘನ ಅಡಿ ಮಣ್ಣನ್ನು ಎತ್ತಬೇಕು. ಅದರ ತೂಕವು ಸುಮಾರು 7 ಟನ್ನುಗಳಷ್ಟಾಗುತ್ತದೆ. ಒಂದು ಮಂಕರಿಗೆ 20 ಕಿಲೋಗ್ರಾಂ ಎಂದಿಟ್ಟುಕೊಂಡರೆ 350 ಮಂಕರಿ ಮಣ್ಣು! ಮೂಲೆಯಲ್ಲಿ ಒಂದು ತೆಂಗಿನ ಸಸಿಯನ್ನು ನೆಡಬೇಕೆಂದರೆ ಉದ್ದ, ಅಗಲ, ಆಳ ಮೂರೂ 3 ಅಡಿಯಿರುವ ಗುಣಿ ಬೇಕು. ಆ ಒಂದೇ ಗುಣಿಯಿಂದ ಹೊರಬರುವ ಮಣ್ಣು ಹೆಚ್ಚುಕಡಮೆ ಒಂದು ಟನ್ನು. ಮನೆ ಕಟ್ಟಿದವರು ಅಂಗಳದಲ್ಲಿ ಹೂತುಬಿಟ್ಟ ಇಟ್ಟಿಗೆ ಚೂರು, ಗಾರೆ, ಜಲ್ಲಿಗಳು ಗುದ್ದಲಿಗೆ ತಗಲುವುದು ಈ ಲೆಕ್ಕಕ್ಕೆ ಸೇರಿಲ್ಲ. ಬೇಸಗೆಯಲ್ಲಿ ಅದೇ ಪಾತಿಗಳಿಗೆ ಅರ್ಧ ಸೆಂಟಿಮೀಟರಿನಷ್ಟು ನೀರು ನಿಲ್ಲಿಸಬೇಕಾದರೂ ದಿನಕ್ಕೆ 90 ಲೀಟರಿಗೂ ಹೆಚ್ಚು, ಎಂದರೆ 15 ಲೀಟರಿನ ಆರು ಕೊಡ ನೀರು ಬೇಕು. ನೆರಳಿನಲ್ಲಿ ಕುಳಿತು ನೋಡುವವನಿಗೆ ‘ಅರ್ಧ ದಿನದ ಕೆಲಸ’ವಾಗಿ ತೋರುವುದು ಬೆನ್ನು ಬಾಗಿಸಿದವನಿಗೆ ಹಾಗೆ ತೋರುವುದಿಲ್ಲ.

ಇನ್ನು ತಿಳಿವಳಿಕೆಯ ಮಾತು. ಮಾಲಿಯ ಕೆಲಸವು ಬರಿಯ ಮೈಬಲದ್ದೆಂದು ತಿಳಿಯುವುದು ತಪ್ಪು. ಗುಲಾಬಿಯನ್ನು ಮಳೆಗಾಲ ಕಳೆದ ಮೇಲೆ ಸವರಬೇಕು. ಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರಿದರೆ ಬೇಸಗೆಗೆ ಮೊಗ್ಗು ತುಂಬುತ್ತದೆ. ಯಾವ ಗಿಡಕ್ಕೆ ಬಿಸಿಲು, ಯಾವುದಕ್ಕೆ ನೆರಳು, ಯಾವ ಮಣ್ಣಿಗೆ ಮರಳು ಬೆರಸಬೇಕು, ಕೊಟ್ಟಿಗೆ ಗೊಬ್ಬರವು ಕಳಿತಿದೆಯೋ ಇನ್ನೂ ಹಸಿಯಿದೆಯೋ, ಗೆದ್ದಲು ಎಲ್ಲಿಂದ ಏರುತ್ತಿದೆ, ಇದೆಲ್ಲವೂ ಅವನ ಕೈಗೂ ಮೂಗಿಗೂ ತಿಳಿದಿರುತ್ತದೆ. ಹತ್ತು ನಿಮಿಷದಲ್ಲಿ ಅವನು ಒಂದು ಗಿಡವನ್ನು ಸವರಿ ಮುಗಿಸಿದನೆಂದರೆ, ಅದನ್ನು ಹತ್ತು ನಿಮಿಷದಲ್ಲಿ ಮಾಡಲು ಅವನು ಕಲಿತ ವರ್ಷಗಳನ್ನೂ ಎಣಿಸಬೇಕಾಗುತ್ತದೆ. ಬೆಂಗಳೂರಿನ ಲಾಲ್‌ಬಾಗನ್ನು ಎಲ್ಲರೂ ಕಂಡು ಕೊಂಡಾಡುತ್ತಾರೆ. 1760ರಲ್ಲಿ ಅದನ್ನು ಆರಂಭಿಸಿದ ಹೈದರಾಲಿಯ ಹೆಸರು ನಮಗೆ ಗೊತ್ತು. 1908ರಲ್ಲಿ ಬೆಂಗಳೂರಿಗೆ ಬಂದು ಅದನ್ನು ಬೆಳೆಸಿದ ಜರ್ಮನಿಯ ಕ್ರುಂಬಿಗಲ್ ಅವರ ಹೆಸರೂ, ಅನಂತರ ರಾಜ್ಯದ ತೋಟಗಾರಿಕೆಯನ್ನು ವಿಸ್ತರಿಸಿದ ಎಂ. ಎಚ್. ಮರಿಗೌಡರ ಹೆಸರೂ ಗೊತ್ತು. ಅವರು ಸ್ಮರಣೀಯರೇ. ಆದರೆ ಅಲ್ಲಿನ ಒಂದೊಂದು ಮರಕ್ಕೂ ಗುಣಿ ತೋಡಿ, ಎಳೆಯ ಸಸಿಗೆ ನೀರು ಹೊತ್ತ ಕೈಗಳ ಹೆಸರನ್ನು ಯಾರು ಬಲ್ಲರು? ನಮ್ಮ ಅಂಗಳದ ಮಾಲಿಯು ಆ ಹೆಸರಿಲ್ಲದವರ ವಂಶದವನು.

ಮೂರನೆಯದಾಗಿ, ಕೂಲಿಯಲ್ಲಿ ಅಡಗಿರುವ ವೆಚ್ಚಗಳನ್ನು ಗಮನಿಸಬೇಕು. ಗುದ್ದಲಿ, ಸಲಿಕೆ, ಹಾರೆ, ಕತ್ತರಿಗಳು ಅವನವು. ಸವೆದರೆ ಕೊಳ್ಳಬೇಕಾದವನೂ ಅವನೇ. ಬಸ್ಸಿನ ದುಡ್ಡು ಅವನದು. ಮಳೆ ಹಿಡಿದ ದಿನ ಕೆಲಸವಿಲ್ಲ; ಕೆಲಸವಿಲ್ಲದ ದಿನ ಹಸಿವೆಗೆ ರಜೆಯಿಲ್ಲ. ವಾರದಲ್ಲಿ ಐದು ದಿನ ಕೆಲಸ ಸಿಕ್ಕರೂ ಮನೆಮಂದಿ ಏಳು ದಿನ ಉಣ್ಣಬೇಕು. ಜ್ವರ ಬಂದರೆ ಸಂಬಳ ಸಹಿತ ಬಿಡುವಿಲ್ಲ, ಮುಪ್ಪಿಗೆ ನಿವೃತ್ತಿ ವೇತನವಿಲ್ಲ. ಸರಕಾರಿ ನೌಕರನು ತನ್ನ ಸಂಬಳವನ್ನು ಎಣಿಸುವಾಗ ಇವೆಲ್ಲವನ್ನೂ ತನ್ನ ಹಕ್ಕೆಂದು ಎಣಿಸುತ್ತಾನೆ. ಮಾಲಿಗೆ ಕೊಡುವಾಗ ಮಾತ್ರ ಗುದ್ದಲಿ ಆಡಿದ ಗಂಟೆಗಳನ್ನಷ್ಟೇ ಎಣಿಸುತ್ತಾನೆ. ಒಂದೇ ಮನೆಯಲ್ಲಿ ಎರಡು ಬಗೆಯ ಗಣಿತವಿರುವುದು ನ್ಯಾಯವಲ್ಲ.

‘ಅವನು ಒಪ್ಪಿಯೇ ಬಂದನಲ್ಲ, ನಾವೇನು ಬಲಾತ್ಕರಿಸಿದೆವೇ?’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಮೇಲುನೋಟಕ್ಕೆ ಇದು ಯುಕ್ತವಾಗಿಯೇ ಕಾಣುತ್ತದೆ. ಆದರೆ ಒಪ್ಪಿಗೆಯೆಂಬುದು ಇಬ್ಬರಿಗೂ ‘ಬೇಡ’ ಎನ್ನುವ ಶಕ್ತಿಯಿರುವಲ್ಲಿ ಮಾತ್ರ ಪೂರ್ಣವಾದ ಒಪ್ಪಿಗೆ. ಮಾಲಿ ಬಾರದಿದ್ದರೆ ನಮ್ಮ ಅಂಗಳದಲ್ಲಿ ಇನ್ನೊಂದು ತಿಂಗಳು ಹುಲ್ಲು ಬೆಳೆಯುತ್ತದೆ, ಅಷ್ಟೆ. ಕೆಲಸ ಸಿಗದಿದ್ದರೆ ಅವನ ಮನೆಗೆ ಆ ಸಂಜೆ ಅಕ್ಕಿಯಿಲ್ಲ. ಈ ಅಂತರವನ್ನು ಬಂಡವಾಳ ಮಾಡಿಕೊಂಡು ಇಳಿಸಿದ ಬೆಲೆಯು ವ್ಯಾಪಾರದ ಜಾಣ್ಮೆಯಾಗಬಹುದು, ನೀತಿಯಾಗಲಾರದು. ನಮ್ಮ ದೇಶದ ನ್ಯಾಯಾಲಯವೂ ಇದನ್ನು ಕಂಡುಕೊಂಡಿದೆ. 1948ರಲ್ಲಿ ಕನಿಷ್ಠ ವೇತನದ ಕಾಯದೆಯೂ 1976ರಲ್ಲಿ ಸ್ತ್ರೀಪುರುಷರಿಗೆ ಸಮಾನ ವೇತನದ ಕಾಯದೆಯೂ ಬಂದುವು. ಸಂಸತ್ತು ಅಂಗೀಕರಿಸಿದ 2019ರ ವೇತನ ಸಂಹಿತೆಯಲ್ಲಿ ಇವೆರಡೂ ಅಡಕವಾದುವು. ದಿಲ್ಲಿಯ ಏಷ್ಯಾಡ್ ಕ್ರೀಡೆಗಳ ಕಟ್ಟಡದ ಕೂಲಿಗಾರರನ್ನು ಕುರಿತ 1982ರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನಕ್ಕಿಂತ ಕಡಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ತೀರ್ಪಿತ್ತಿತು. ಹಸಿವೂ ಬಡತನವೂ ಮನುಷ್ಯನನ್ನು ಬಲಾತ್ಕರಿಸಬಲ್ಲವು ಎಂಬುದು ಅದರ ತಿರುಳು. ಮನೆಯ ಕೈತೋಟಕ್ಕೆ ಯಾವ ಕಲಮು ಅನ್ವಯಿಸುತ್ತದೆಂಬುದನ್ನು ವಕೀಲರು ಹೇಳಲಿ. ಗೃಹಸ್ಥನಿಗೆ ಬೇಕಾದುದು ಅದರ ಹಿಂದಿರುವ ನೀತಿ. ಕನಿಷ್ಠವೆಂಬುದು ಕೆಳಗಿನ ಮೆಟ್ಟಿಲು. ಕುಶಲಿಯಾದ ಮಾಲಿಯ ಬೆಲೆಯು ಅಲ್ಲಿಯೇ ನಿಲ್ಲಬೇಕಾಗಿಲ್ಲ. ಕಳೆ ಕೀಳಲು ಬಂದ ಹೆಣ್ಣಾಳಿಗೆ ಹೆಣ್ಣೆಂಬ ಒಂದೇ ಕಾರಣದಿಂದ ಕಡಮೆ ಕೊಡುವ ವಾಡಿಕೆಯನ್ನಂತೂ ಶರಣೆಯರನ್ನು ಪೂಜಿಸುವ ಮನೆಯು ಇಟ್ಟುಕೊಳ್ಳಲಾಗದು.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವನ್ನು ಕೆಲವರು ಎತ್ತಿ ಆಡುವುದುಂಟು. ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೆ ಸಲ್ಲದೆಂದು ಲಕ್ಕಮ್ಮನು ಹಿಂದಿರುಗಿಸಲು ಹೇಳಿದಳು. ‘ನೋಡಿರಿ, ಶರಣರು ಅಧಿಕವನ್ನು ಬಯಸುತ್ತಿರಲಿಲ್ಲ, ಇಂದಿನ ಕೂಲಿಯವರಿಗೆ ಎಷ್ಟು ಕೊಟ್ಟರೂ ಸಾಲದು’ ಎಂದು ಈ ಕಥೆಯಿಂದ ನೀತಿಯನ್ನು ತೆಗೆಯುವವರಿದ್ದಾರೆ. ಅವರು ಕಥೆಯನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಅಲ್ಲಿ ‘ಸಾಕು’ ಎಂದವಳು ದುಡಿದುಣ್ಣುವ ಮನೆಯವಳು. ಕೊಡುವ ಸ್ಥಾನದಲ್ಲಿದ್ದ ಬಸವಣ್ಣನವರು ‘ನಿನಗಿಷ್ಟೇ ಸಾಕು’ ಎಂದು ಅವರ ಕೈ ಹಿಡಿಯಲಿಲ್ಲ. ಅವರ ಅಂಗಳದಲ್ಲಿ ಅಕ್ಕಿಯು ಬೇಕಾದಷ್ಟು ಬಿದ್ದಿತ್ತು. ‘ಸಾಕು’ ಎಂಬ ಒಂದೇ ಮಾತು ಪಡೆಯುವವನ ಬಾಯಲ್ಲಿ ವೈರಾಗ್ಯವಾಗುತ್ತದೆ, ಕೊಡುವವನ ಬಾಯಲ್ಲಿ ಲೋಭವಾಗುತ್ತದೆ. ಲಕ್ಕಮ್ಮನ ವ್ರತವನ್ನು ಮಾಲಿಗೆ ಬೋಧಿಸುವ ಅಧಿಕಾರ ನಮಗಿಲ್ಲ. ಆ ವ್ರತವನ್ನು ನಮ್ಮ ಬಾಡಿಗೆಯ ವರಮಾನಕ್ಕೂ, ನಮ್ಮ ಅಂಗಡಿಯ ಲಾಭಕ್ಕೂ ಅನ್ವಯಿಸಿಕೊಳ್ಳುವ ಅವಕಾಶ ಮಾತ್ರ ಧಾರಾಳವಾಗಿದೆ.

ಇಲ್ಲಿಯೇ ದಾಸೋಹದ ಪ್ರಶ್ನೆಯೂ ಬರುತ್ತದೆ. ಮಾಲಿಯ ದಿನಗೂಲಿಯಲ್ಲಿ ನೂರು ರೂಪಾಯಿ ಮುರಿದುಕೊಂಡ ಗೃಹಸ್ಥನು ಆ ನೂರನ್ನು ಜಾತ್ರೆಯ ದಿನ ದಾಸೋಹಕ್ಕೆ ಕೊಟ್ಟನೆನ್ನೋಣ. ಕೊಟ್ಟದ್ದು ನೂರೇ, ಆದರೆ ಯಾರ ನೂರು? ಮಾಲಿಗೆ ಸಲ್ಲಬೇಕಾದುದು ತನ್ನ ಹೆಸರಿನಲ್ಲಿ ದಾನವಾಗಿ ಸಂದಿತು. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವವರ ಸಾಲಿನಲ್ಲಿ ಅದೇ ಮಾಲಿಯೂ ಇದ್ದರೆ, ಅವನ ಅನ್ನವನ್ನೇ ಅವನಿಗೆ ಉಪಕಾರವೆಂದು ಬಡಿಸಿದಂತಾಯಿತು. ದಾಸೋಹವು ಕಾಯಕದಿಂದ ಶುದ್ಧವಾಗಿ ಬಂದ ದ್ರವ್ಯದಿಂದಲೇ ನಡೆಯಬೇಕೆಂಬುದು ಶರಣರ ಕಟ್ಟಳೆ. ತನ್ನ ದ್ರವ್ಯದಲ್ಲಿ ಪರರ ಕಾಯಕದ ಫಲವು ಉಳಿದುಕೊಂಡಿದೆಯೇ ಎಂದು ಶೋಧಿಸುವುದು ದಾಸೋಹದ ಮೊದಲ ಹೆಜ್ಜೆ. ಪೂಜೆಯ ಹೂವಿಗೂ ಇದೇ ಮಾತು. ಗಿಡ ನೆಟ್ಟವನ ಮನಸ್ಸು ನೊಂದಿದ್ದರೆ ಆ ಹೂವಿನ ಮಡಿಯೆಲ್ಲಿ ಉಳಿಯಿತು?

‘ನಾನು ನಿವೃತ್ತನು, ಬರುವ ಅಲ್ಪ ಹಣದಲ್ಲಿ ಔಷಧವೂ ನಡೆಯಬೇಕು. ಮಾಲಿ ಕೇಳಿದಷ್ಟನ್ನು ಎಲ್ಲಿಂದ ತರಲಿ?’ ಎಂಬ ಆಕ್ಷೇಪವು ಹಾಗಲ್ಲ, ಅದರಲ್ಲಿ ಸತ್ಯವಿದೆ. ಬಡತನವು ಕೂಲಿಕಾರನಿಗೆ ಮಾತ್ರ ಮೀಸಲಲ್ಲ. ಇದಕ್ಕೆ ಉತ್ತರವಾದರೂ ಸರಳವಾಗಿದೆ: ಕೈ ಬಿಗಿಯಾಗಿದ್ದರೆ ತೋಟವನ್ನು ಕಿರಿದು ಮಾಡಬೇಕೇ ಹೊರತು ಕೂಲಿಯನ್ನಲ್ಲ. ದಿನವೂ ನೀರು ಕುಡಿದು, ಪದೇಪದೇ ಕತ್ತರಿ ಬೇಡುವ ಹುಲ್ಲುಹಾಸು ಎಲ್ಲರ ಮನೆಗೂ ಅವಶ್ಯವಲ್ಲ. ಒಂದು ದಾಸವಾಳ, ಒಂದು ಕಣಗಿಲೆ, ಒಂದು ನಂದಿಬಟ್ಟಲು ಬೇರೂರಿದ ಮೇಲೆ ಅಲ್ಪ ಆರೈಕೆಯಲ್ಲಿಯೂ ಹೂ ಕೊಡುತ್ತವೆ. ತುಂಬೆಯಂತೂ ಬೇಡಿಕೊಳ್ಳದೆಯೇ ಬೆಳೆಯುತ್ತದೆ. ತಿಂಗಳಿಗೆ ನಾಲ್ಕು ದಿನದ ಬದಲು ಎರಡು ದಿನ ಕರೆದು, ಆ ಎರಡು ದಿನಕ್ಕೆ ಪೂರ್ಣ ಕೂಲಿಯನ್ನು ಕೊಡಬಹುದು. ಉಳಿದ ದಿನಗಳಲ್ಲಿ ನೀರು ಹಾಕುವುದನ್ನೂ ಕಳೆ ಕೀಳುವುದನ್ನೂ ಮನೆಯವರೇ ಮಾಡಲಿ. ಮಣ್ಣನ್ನು ಮುಟ್ಟಿದ ಕೈಗೆ ಮಾಲಿಯ ಬೆಲೆಯು ತಾನಾಗಿ ತಿಳಿಯುತ್ತದೆ.

ಮಾಲಿಗೂ ಧರ್ಮವಿಲ್ಲದಿಲ್ಲ. ಸತ್ತ ಬೇರಿನ ಸಸಿಯನ್ನು ಜೀವವಿದೆಯೆಂದು ನೆಡುವುದು, ಮುಂಗಡ ಪಡೆದು ಮುಖ ಮರೆಸುವುದು, ಮೂರು ಹೇರು ಗೊಬ್ಬರಕ್ಕೆ ಐದರ ಲೆಕ್ಕ ಬರೆಯುವುದು, ಇವು ಕಾಯಕವಲ್ಲ, ಕಳವು. ಅವನ್ನು ಕಂಡಾಗ ಸ್ಪಷ್ಟವಾಗಿ ಹೇಳುವುದು ಯಜಮಾನನ ಕರ್ತವ್ಯವೇ. ಆದರೆ ಒಬ್ಬನ ಮೋಸವನ್ನು ನೆಪಮಾಡಿಕೊಂಡು ಹತ್ತು ಜನರ ಕೂಲಿಯನ್ನು ಮುರಿಯಲಾಗದು. ಎಷ್ಟೋ ಜಗಳಗಳು ಮೋಸದಿಂದಲ್ಲ, ಮಾತು ತಿಳಿಯಾಗದಿರುವುದರಿಂದ ಹುಟ್ಟುತ್ತವೆ. ದಿನಗೂಲಿಯೋ, ಗುತ್ತಿಗೆಯೋ, ತಿಂಗಳ ಸಂಬಳವೋ. ಗಿಡ, ಕೆಮ್ಮಣ್ಣು, ಗೊಬ್ಬರಗಳ ಹಣ ಯಾರದು. ಕಸವನ್ನು ಸಾಗಿಸುವವರು ಯಾರು. ಬಾಡಿದ ಸಸಿಯ ಬದಲು ಬೇರೆ ನೆಡುವುದು ಯಾರ ಹೊಣೆ, ಇಷ್ಟನ್ನು ಗುದ್ದಲಿ ನೆಲಕ್ಕೆ ಬೀಳುವ ಮೊದಲೇ ಆಡಿ, ಒಂದು ಚೀಟಿಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ. ನೆರೆಯ ಎರಡು ಮೂರು ಮನೆಗಳಲ್ಲಿ ಏನು ಕೊಡುತ್ತಾರೆಂದು ವಿಚಾರಿಸುವುದೂ ಸರಿಯೇ. ಅತಿ ಕಡಮೆ ಕೊಡುವ ಮನೆಯನ್ನು ಹುಡುಕುವುದಕ್ಕಾಗಿ ಮಾತ್ರ ಆ ವಿಚಾರಣೆ ಇರಬಾರದು.

ಕೊನೆಯದಾಗಿ, ಹಣದಿಂದ ಅಳೆಯಲಾಗದ ಒಂದು ಸಾಲವಿದೆ. ದುಡಿದ ದಿನದ ಕೂಲಿಯನ್ನು ಆ ದಿನವೇ ಕೊಡದೆ ‘ನಾಳೆ ಬಾ’ ಎನ್ನುವುದು, ಬಿಸಿಲಿನಲ್ಲಿ ಬಂದವನಿಗೆ ಬೇರೆಯ ಲೋಟದಲ್ಲಿ ನೀರು ಕೊಡುವುದು, ವಯಸ್ಸಿನಲ್ಲಿ ಹಿರಿಯನಾದವನನ್ನು ಮನೆಯ ಮಕ್ಕಳು ಏಕವಚನದಲ್ಲಿ ಕೂಗುವುದು, ಇವು ಇಂದಿಗೂ ಎಷ್ಟೋ ಮನೆಗಳಲ್ಲಿ ಉಳಿದಿವೆ. ದುಡಿಯುವವನನ್ನು ‘ಅಯ್ಯಾ’ ಎಂದು ಕರೆಯಲು ಕಲಿಸಿದ ಪರಂಪರೆಯಲ್ಲಿ ಹುಟ್ಟಿದವರು ಬೇರೆಯ ಲೋಟವನ್ನು ಇಟ್ಟುಕೊಂಡು ಶರಣರ ಪಟಕ್ಕೆ ಹೂ ಮುಡಿಸಿದರೆ ಫಲವೇನು? ಪೂರ್ಣ ಕೂಲಿಯನ್ನು ಕೊಟ್ಟು ಗೌರವವನ್ನು ಮುರಿದುಕೊಂಡರೂ ಲೆಕ್ಕವು ಚುಕ್ತವಾಗಲಿಲ್ಲ.

ಆದುದರಿಂದ ಸದ್ಭಕ್ತರು ಮಾಲಿಯನ್ನು ಕರೆಸುವಾಗ ‘ಎಷ್ಟಕ್ಕೆ ಒಪ್ಪುತ್ತಾನೆ?’ ಎಂದು ಕೇಳುವುದನ್ನು ಬಿಟ್ಟು, ‘ಎಷ್ಟು ಕೊಟ್ಟರೆ ಇವನು ತನ್ನ ಕಾಯಕದಿಂದಲೇ ಮನೆಮಂದಿಯೊಡನೆ ಮಾನವಾಗಿ ಬಾಳಬಲ್ಲನು?’ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಉತ್ತರವು ಕೈಗೆ ಮೀರಿದ್ದರೆ ಎರಡು ಪಾತಿಗಳನ್ನು ಕಡಮೆ ಮಾಡಲಿ. ಸಂಜೆ ಕೈಕಾಲು ತೊಳೆದು ಹೊರಡುವ ಮಾಲಿಯು ಎಣಿಸಿಕೊಂಡ ಹಣವನ್ನು ತೃಪ್ತಿಯಿಂದ ಜೇಬಿಗಿಟ್ಟುಕೊಂಡನೆಂದರೆ, ಮರುದಿನ ಆ ಗಿಡದಿಂದ ಕೊಯ್ದ ಹೂವನ್ನು ನಿಶ್ಚಿಂತೆಯಿಂದ ಲಿಂಗಕ್ಕೆ ಅರ್ಪಿಸಬಹುದು.